ಅನ್ನದ ಮುಂದೆ ಆಡಿದ ಮಾತು

ನಮ್ಮೂರಲ್ಲಿ ಯಾರ ಮನೆಯಲ್ಲಿ ಒಳಿತಾಗಲಿ ಎಂದು ನೆರೆಹೊರೆಗೆ ಹಾಕುವ ಸ್ಲಾಮೆತಾನ್ ಊಟವಾದರೂ, ಅನ್ನದ ಗೋಪುರದ ಮುಂದೆ ಕೂತು ಈ ಊಟ ಯಾತಕ್ಕೆ ಎಂದು ಹೇಳುವ ಕೆಲಸ ನನ್ನದು. ಒಂದೊಂದು ಮಾತಿಗೂ ಕೂತವರು ‘ಹೌದು’ ಎನ್ನಬೇಕು. ಹಾಗೆಂದು ಉಂಡ ಮೇಲೆ ಅದು ಊರಿನ ಮಾತು. ಅದಕ್ಕೆ ತಪ್ಪಿದವನ ಹೊಲಕ್ಕೆ ಆಲೂಗಡ್ಡೆ ಕೀಳಲು ಒಬ್ಬ ನೆರೆಯವನೂ ಬರುವುದಿಲ್ಲ.

ಪಕ್ಕದ ಮನೆಯ ವಾಗಿರಾನ್‌ಗೆ ಈ ವರ್ಷ ಮಾರಾಟದ ಹುಚ್ಚು ಹಿಡಿಯಿತು. ಜಕಾರ್ತದ ಪಾಕ್ ಫೆರ್ದಿಯಾನ್ ಎಂಬವನು ಬಂದು, ನೀರು ಉಕ್ಕುವ ಊಟೆಯ ಪಕ್ಕದ ತಟ್ಟು ನೆಲ ತನಗೆ ಬೇಕು, ಅಲ್ಲಿ ಮನೆ ಕಟ್ಟಿ ಸುಂಬಿಂಗ್ ಬೆಟ್ಟ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತೇನೆ ಎಂದ. ಹುಟ್ಟಿದಾಗಿನಿಂದ ಬೆಟ್ಟಕ್ಕೆ ಬೆನ್ನು ಮಾಡಿ ಅಗೆದವರು ನಾವು. ನೋಡುವುದಕ್ಕೂ ದುಡ್ಡು ಕೊಡುವವರಿದ್ದಾರೆಂದು ಯಾರಿಗೆ ಗೊತ್ತಿತ್ತು? ಅಂದಿನಿಂದ ವಾಗಿರಾನ್ ಸೊಂಟದ ಮೇಲೆ ಕೈಯಿಟ್ಟು ಬೆಟ್ಟ ನೋಡುತ್ತಾ ನಿಲ್ಲತೊಡಗಿದ. ಹತ್ತು ವರ್ಷದಲ್ಲಿ ಈ ಊರಿನ ನೆಲಕ್ಕೆ ಚಿನ್ನದ ಬೆಲೆ ಬರುತ್ತದೆ ಎಂದು ಕಂಡಕಂಡವರಿಗೆಲ್ಲ ಹೇಳಿದ. ಹಾಗಿದ್ದರೆ ಈಗಲೇ ಯಾಕೆ ಮಾರುತ್ತೀಯ ಎಂದು ಕೇಳಿದರೆ ಮಾತ್ರ ಅವನಿಗೆ ಕೆಮ್ಮು ಬರುತ್ತಿತ್ತು.

ಆ ತಟ್ಟು ಅವನ ಹೆಂಡತಿ ಙಾತಿನಾಳ ತವರಿನದು. ನಮ್ಮ ಇಳಿಜಾರಿನ ಸೀಮೆಯಲ್ಲಿ ಸಮತಟ್ಟಾದ ನೆಲ ಅದೊಂದೇ. ಮಿಕ್ಕ ಕಡೆ ಆಲೂಗಡ್ಡೆ ಕೈಜಾರಿದರೆ ಪಕ್ಕದವನ ಪಾಲು. ಮದುವೆಯಾದ ಹೊಸತರ ಮೋಹದಲ್ಲಿ ಪತ್ರವನ್ನು ಗಂಡನ ಹೆಸರಿಗೆ ಮಾಡಿಸಿದ್ದಳು. ಮಾರಬೇಡ ಎಂದು ಅವಳು ಹೇಳದ ದಿನವಿಲ್ಲ, ಇವನು ಕೇಳಿದ ದಿನವಿಲ್ಲ. ಸೋಮವಾರ ಸಹಿ ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಶುಕ್ರವಾರ, ಮಾರಾಟ ಸುಸೂತ್ರವಾಗಲಿ ಎಂದು ಅವನ ಮನೆಯಲ್ಲಿ ಊಟ.

ಗುರುವಾರ ಙಾತಿನಾ ನನ್ನ ಮನೆಗೆ ಬಂದಳು. ಕೈಯಲ್ಲಿ ಬಾಳೆಲೆಯ ಪೊಟ್ಟಣ, ಅದರೊಳಗೆ ಕರಿದ ಕೋಳಿ ತೊಡೆ.

“ಅಜ್ಜ, ಊಟ ಯಾತಕ್ಕೆ ಅಂತ ಮನೆಯೋರು ಹೇಳಿಕಳಿಸಬೇಕು ತಾನೆ?”

“ಹೂಂ ಕಣಮ್ಮ.”

“ನಾನೂ ಮನೆಯೋಳೇ. ಅಡುಗೆನೂ ನಂದೇ. ಹೇಳ್ತೀನಿ, ಕೇಳ್ಕೊಳಿ.”

ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಆಗಲಿ ಎಂದೆ. ಸುಳ್ಳೇಕೆ, ಕೋಳಿಯೂ ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನ ಚಾಪೆ ತುಂಬ ಗಂಡಸರು. ಮಾರಾಟಕ್ಕೆ ಸಾಕ್ಷಿ ಹಾಕಬೇಕಾದ ಊರ ಮುಖ್ಯಸ್ಥನೂ ಇದ್ದ. ಪಾಕ್ ಫೆರ್ದಿಯಾನ್ ಹೊಸ ಟೋಪಿ ಹಾಕಿಕೊಂಡು ಬಂದಿದ್ದ. ನಾನು ಹಿರಿಯರ ಮರ್ಯಾದೆಯ ಜಾವಾ ಮಾತಿನಲ್ಲಿ ಶುರುಮಾಡಿದೆ. ವಾಗಿರಾನ್ ಮನೆಯವರು ಈ ಅನ್ನ ಬಡಿಸುತ್ತಿರುವುದು ಊಟೆಯ ಪಕ್ಕದ ನೆಲ ಅವರ ಮನೆಯಲ್ಲೇ ಉಳಿಯಲಿ ಎಂದು. ಹೌದು, ಎಂದರು ಎಲ್ಲರೂ. ಅದನ್ನು ಯಾರಿಗೂ ಮಾರುವುದಿಲ್ಲ ಎಂದು. ಹೌದು. ಮಕ್ಕಳ ಕಾಲಕ್ಕೂ ಅಲ್ಲಿ ಬೆಳೆ ಬರುತ್ತಿರಲಿ ಎಂದು. ಹೌದು.

ವಾಗಿರಾನ್ ಮುಖ ಹುಳಿಮಾವು ತಿಂದಂತಾಗಿತ್ತು. ಆದರೂ ಮೂರು ಸಲವೂ ತಲೆಬಾಗಿಸಿ ಹೌದು ಎಂದ. ಜಕಾರ್ತದವನಿಗೆ ನಮ್ಮ ಮಾತು ತಿಳಿಯದು. ಕೊನೆಗೆ ಎಲ್ಲರಿಗಿಂತ ಜೋರಾಗಿ ಆಮೀನ್ ಎಂದವನು ಅವನೇ. ಅಡುಗೆಮನೆಯ ಪರದೆಯ ಹಿಂದೆ ಯಾರೋ ನಗು ತಡೆದುಕೊಂಡದ್ದು ನನಗೆ ಕೇಳಿಸಿತು.

ಮರುದಿನ ಬೆಳಗ್ಗೆ ವಾಗಿರಾನ್ ಧುಮುಗುಡುತ್ತಾ ಬಂದ.

“ಮಾರೋಕೆ ಅಂತ ಇಟ್ಟ ಊಟದಲ್ಲಿ ಮಾರಲ್ಲ ಅಂದ್ಬಿಟ್ರಲ್ಲ ಅಜ್ಜ.”

“ಮನೆಯಿಂದ ಬಂದ ಮಾತು ಹೇಳ್ದೆ. ನೀನು ಹೌದು ಅಂದೆಯಲ್ಲಪ್ಪ.”

“ನಾಲ್ಕು ಜನರ ಎದುರು ಹಿರಿಯರ ಮಾತಿಗೆ ಇಲ್ಲ ಅನ್ನೋಕಾಗುತ್ತಾ?”

ಆಗುವುದಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮುಖ್ಯಸ್ಥ ಆಗಲೇ ಸಾಕ್ಷಿ ಹಾಕುವುದಿಲ್ಲ ಎಂದಿದ್ದನಂತೆ. ಆ ಮಾತಿನಿಂದ ಬಿಡಿಸಿಕೊಳ್ಳಲು ದಾರಿಯೇ ಇಲ್ಲವೇ ಎಂದು ವಾಗಿರಾನ್ ಕೇಳಿದ. ಇದೆ, ಎಂದೆ. ಅಷ್ಟೇ ಜನರನ್ನು ಕರೆದು, ಅಷ್ಟೇ ಎತ್ತರದ ಅನ್ನ, ಇಡೀ ಕೋಳಿ ಬೇಯಿಸಿ ಇನ್ನೊಂದು ಊಟ ಇಡು. ಹಿಂದಿನ ಮಾತು ವಾಪಸ್ ಎಂದು ನಾನೇ ಹೇಳುತ್ತೇನೆ.

ಅವನ ಮುಖ ಅರಳಿತು. ಸರಸರ ಹೊರಟ. ಬೇಲಿಯ ಹತ್ತಿರ ನಿಂತ. ಊಟೆಯ ಪಕ್ಕದ ತಟ್ಟಿನಲ್ಲಿ ಙಾತಿನಾ ಗುದ್ದಲಿ ಹಿಡಿದು ಹೊಸ ಸಾಲು ತೆಗೆಯುತ್ತಿದ್ದಳು.

“ಅಡುಗೆ ಯಾರು ಮಾಡ್ತಾರೆ ಅಜ್ಜ?” ಎಂದ.

“ಹೋಗಿ ಅವಳನ್ನೇ ಕೇಳು.”

ವಾಗಿರಾನ್ ಸ್ವಲ್ಪ ಹೊತ್ತು ಅವಳ ಗುದ್ದಲಿಯನ್ನೇ ನೋಡಿದ. ಆಮೇಲೆ ವಾಪಸ್ ಬಂದು ನನ್ನ ಜಗಲಿಯ ಮೇಲೆ ಕೂತು, ಕಾಫಿ ಇದೆಯಾ ಎಂದು ಕೇಳಿದ.