ವೈದ್ಯ ಬಾಗಿಲು ಹಾಕಿಕೊಂಡ ದೃಶ್ಯ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಕೊಲ್ಲಾಪುರದ ಸ್ಟುಡಿಯೋಗಳಲ್ಲಿ ಬರೀ ಖಳನಾಗಿ ದುಡಿದಿದ್ದ ಯಶವಂತ ಸರನೋಬತ್‌ಗೆ ಕೊನೆಗೂ ನಾಯಕನ ಪಾತ್ರ ಸಿಕ್ಕಿತ್ತು. ಹಳ್ಳಿಯ ವೈದ್ಯ ರಂಗೋಬಾ, ಸುಳ್ಳಾಡದವನು, ಸಿಟ್ಟಾಗದವನು. ನಿರ್ದೇಶಕ ದಿನಕರರಾವ್ ಮಾನೆ ಅರ್ಧ ಚಿತ್ರ ಮುಗಿಸಿ, ತೆಗೆದಷ್ಟನ್ನು ಚಿತ್ರತಂಡದ ನಮಗೆಲ್ಲ ತೋರಿಸಿದರು. ಊರಿನ ಪಾಟೀಲ ವೈದ್ಯನ ಮನೆಗೆ ಬೆಂಕಿಯಿಟ್ಟಾಗ ಎಲ್ಲರೂ ಮುಂದಕ್ಕೆ ಬಾಗಿದರು. ವೈದ್ಯ ಬಾಯಿ ತೆರೆದಾಗ ಮೇಕಪ್ಪಿನ ತಾತ್ಯಾನ ಗೊರಕೆ ಕೇಳಿಸಿತು.

ಯಶವಂತ ಎದ್ದುಹೋದ.

ಮರುದಿನ ಮುಖ್ಯ ದೃಶ್ಯ. ಅದೇ ಪಾಟೀಲನಿಗೆ ಕಾಲರಾ. ಅವನ ಹೆಂಡತಿ ಬಂದು ಸೆರಗೊಡ್ಡುತ್ತಾಳೆ. ವೈದ್ಯ ಆಕಾಶಕ್ಕೆ ಕೈಮುಗಿದು ಕೂಡಲೇ ಹೊರಡಬೇಕು.

"ನಾ ಹೋಗೂದಿಲ್ಲ, ದಾದಾ," ಎಂದ ಯಶವಂತ.

"ಅಂದ್ರ?" ಎಂದರು ದಿನಕರರಾವ್.

"ಮನಿ ಸುಟ್ಟಾವನ ಕಡಿ ಯಾರು ಹಂಗ ಓಡ್ತಾರ್ರೀ? ಮೊದಲು ಬಾಗಿಲಾ ಹಾಕೊಂತೀನಿ."

"ತಲಿ ಕೆಟ್ಟೈತೇನು ನಿಂದು? ವೈದ್ಯ ದೇವರಂಥಾವ. ಜನ ಉಗೀತಾರ."

"ದೇವರಿಗೆ ಒಳ್ಳೇವ ಆಗೂದು ಸಸಾರ. ಇವಗ ಕಷ್ಟ ಐತಿ. ಆ ಕಷ್ಟಾನ ತೋರಸ್ರಿ."

ವೈದ್ಯನ ಹೆಂಡತಿಯ ಪಾತ್ರದ ಹೌಸಾಬಾಯಿ ಎಲೆಯಡಿಕೆ ಮಡಿಚುತ್ತ ನಕ್ಕಳು. "ಒಮ್ಮೆ ತಗದು ನೋಡ್ರಿ, ದಾದಾ. ತಾತ್ಯಾ ಎಚ್ಚರಾದರೂ ಆಗ್ತಾನ."

ದಿನಕರರಾವ್ ಗೊಣಗುತ್ತಲೇ ಕ್ಯಾಮೆರಾ ಓಡಿಸಿದರು. ಯಶವಂತ ಬಾಗಿಲನ್ನು ದಡಾರನೆ ಮುಚ್ಚಿದ. ಒಲೆಯ ಮುಂದೆ ಕುಳಿತು ರೊಟ್ಟಿ ಮುರಿದ. ತುತ್ತು ಬಾಯಿಗೆ ಹೋಗಲಿಲ್ಲ. ಹೊರಗೆ ಅಳು. ತಟ್ಟೆಯನ್ನು ನೂಕಿ, ಔಷಧದ ಚೀಲ ಕಿತ್ತುಕೊಂಡು, ಪಾಟೀಲನ ಏಳು ತಲೆಮಾರನ್ನೂ ಬೈಯುತ್ತ ಕತ್ತಲಿಗಿಳಿದ. ಆ ಬೈಗುಳ ಬರೆದ ಸಂಭಾಷಣೆಯಲ್ಲಿರಲಿಲ್ಲ. "ಕಟ್" ಅನ್ನುವುದನ್ನೇ ದಿನಕರರಾವ್ ಮರೆತರು.

ಬಿಡುಗಡೆಯ ದಿನ ನಾವೆಲ್ಲ ನೆಲದ ಸೀಟಿನವರ ನಡುವೆ ಕುಳಿತೆವು. ಪರದೆಯ ಮೇಲೆ ವೈದ್ಯನ ಬಾಗಿಲು ಮುಚ್ಚಿತು. ಕೆಮ್ಮು ಕೂಡ ನಿಂತಿತು. ದಿನಕರರಾವ್ ನನ್ನ ತೋಳನ್ನು ಹಿಸುಕಿದರು.

"ಬರೋಬರಿ ಮಾಡಿದ," ಎಂದಳೊಬ್ಬ ಹೆಂಗಸು.

ವೈದ್ಯ ತಟ್ಟೆ ನೂಕಿದ. ಹಿಂದಿನಿಂದ ಯಾರೋ, "ಹೋಗಬ್ಯಾಡೋ ರಂಗೋಬಾ, ಸಾಯಲಿ ಅವ," ಎಂದು ಅಂಗಲಾಚಿದ.

"ಸುಮ್ಮಕುಂದರು. ಹೋಗ್ತಾನ ನೋಡು," ಎಂದ ಪಕ್ಕದವನು.

ವೈದ್ಯ ಚೀಲ ಹೆಗಲಿಗೇರಿಸಿದ್ದೇ ತಡ, ಇಡೀ ಥಿಯೇಟರು ಎದ್ದು ನಿಂತಿತು. ಟೋಪಿಗಳು ಹಾರಿದವು, ಚಿಲ್ಲರೆ ಪರದೆಗೆ ಬಡಿಯಿತು. ಅವನ ಒಂದೊಂದು ಬೈಗುಳಕ್ಕೂ ಶಿಳ್ಳೆ. ಮುಂದಿನ ದೃಶ್ಯದಲ್ಲಿ ಪಾಟೀಲನ ಮಾತು ಯಾರಿಗೂ ಕೇಳಿಸಲೇ ಇಲ್ಲ.

ಹೊರಗೆ ಜನ ಯಶವಂತನನ್ನು ಹೆಗಲ ಮೇಲೆ ಹೊತ್ತರು. ಗುಂಪನ್ನು ಸೀಳಿಕೊಂಡು ಬಂದ ಒಬ್ಬ ಮುದುಕಿ ಅವನನ್ನು ಕೆಳಗಿಳಿಸುವಂತೆ ಮಾಡಿ ತನ್ನ ಮುಂಗೈ ಚಾಚಿದಳು.

"ಮೂರು ದಿನದ ಜ್ವರ, ವೈದ್ಯಬುವಾ. ನಾಡಿ ನೋಡು."

"ಆಯೀ, ನಾ ವೈದ್ಯ ಅಲ್ಲ. ನಟ."

"ಅದೆಲ್ಲಾ ನಂಗೊತ್ತೈತಿ. ಬೇಕಾದ್ರ ಬೈಯಿ. ನೋಡು ಮೊದಲು."

ಯಶವಂತ ಅವಳ ಕೈ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ನಿಜವಾದ ಡಾಕ್ಟರನ್ನು ಕರೆತರಲು ದಿನಕರರಾವ್ ತಾವೇ ಟಾಂಗಾ ಹುಡುಕುತ್ತ ಓಡಿದರು.