ಹುಲುಗಣ್ಣನ ಕೈ ಅಂದಾಜು

ಹರಪನಹಳ್ಳಿ ಸೀಮೆಯ ಅರಸೀಕೆರೆಯಲ್ಲಿ ಹುಲುಗಣ್ಣ ಬೈಕುಗಳ ವೈರಿಂಗ್ ಕೆಲಸ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ವೈರಿನ ತುದಿಗೆ ಹಿತ್ತಾಳೆಯ ಪಿನ್ನು ಕೂರಿಸಿ, ಕಟಿಂಗ್ ಪ್ಲೇಯರಿನಿಂದ ಅದುಮಿ, ಟೇಪು ಸುತ್ತಿದರೆ ಕೆಲಸ ಮುಗಿಯಿತು. ಎಷ್ಟು ಅದುಮಬೇಕೆಂಬುದು ತನ್ನ ಕೈಗೆ ಗೊತ್ತಿದೆ ಎಂದೇ ಅವನು ನಂಬಿದ್ದ.

ಕುರಿಗಳಿಗೆ ಲಸಿಕೆ ಹಾಕುವ ಮಾರೇಶನ ಬೈಕು ಎರಡು ತಿಂಗಳಲ್ಲಿ ಮೂರನೇ ಸಲ ಅಂಗಡಿಗೆ ಬಂತು. ಮೊದಲೆರಡು ಸಲ ಬ್ಯಾಟರಿ ಹಳೆಯದು, ರಸ್ತೆ ಕೆಟ್ಟಿದೆ ಎಂದು ಹುಲುಗಣ್ಣ ಸಮಾಧಾನ ಹೇಳಿ ಕಳಿಸಿದ್ದ. ಈ ಸಲ ಮಾರೇಶ ಅದನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದಿದ್ದ.

“ನೀಲಗುಂದದ ದಾರ್ಯಾಗ ನಿಂತುಬಿಡ್ತಣ್ಣ. ಡಬ್ಬ್ಯಾಗಿನ ಐಸ್ ಕರಗಿ ಔಷಧಿ ಎಲ್ಲಾ ಹಾಳಾತು. ಆ ಊರ ಜಂಬಕ್ಕ ತನ್ನ ಕುರಿ ಮೇಯಾಕ ಬಿಡದ ಹಟ್ಟ್ಯಾಗ ಕೂಡಿಹಾಕಿ ನನ್ನ ದಾರಿ ಕಾಯ್ತಿದ್ಲು.”

ಅವನು ಬೈಯಲಿಲ್ಲ. ಬೈದಿದ್ದರೆ ಹುಲುಗಣ್ಣನೂ ಎರಡು ಮಾತು ಆಡಿ ಹಗುರಾಗುತ್ತಿದ್ದ.

ಮಾರೇಶ ಹೋದ ಮೇಲೆ ಸೀಟು ಬಿಚ್ಚಿ, ತಾನೇ ಸುತ್ತಿದ್ದ ಟೇಪು ತೆಗೆದು ವೈರನ್ನು ಮೆಲ್ಲಗೆ ಎಳೆದ. ಪಿನ್ನು ಅಲ್ಲೇ ಉಳಿದು ವೈರು ಕೈಗೆ ಬಂತು. ಪಕ್ಕದ್ದು ಗಟ್ಟಿಯಾಗಿತ್ತು. ಅದರಾಚೆಯದು ಮತ್ತೆ ಸಡಿಲ. ಮೂರೂ ಒಂದೇ ದಿನ, ಒಂದೇ ಕೈ ಮಾಡಿದ ಕೆಲಸ.

ಮರುದಿನ ನಾಲ್ಕಾರು ಪಿನ್ನು, ಒಂದು ಮೊಳ ವೈರು ಜೇಬಿಗೆ ಹಾಕಿಕೊಂಡು ಹರಪನಹಳ್ಳಿಯ ಬಸ್ಸು ಹತ್ತಿದ. ಬಿಡಿಭಾಗಗಳ ಅಂಗಡಿಯ ಶಿವಶಂಕರ ಕೆಂಪು, ನೀಲಿ, ಹಳದಿ ಚುಕ್ಕೆಗಳಿದ್ದ, ಪಿನ್ನು ಅದುಮುವ ಟೂಲೊಂದನ್ನು ಮುಂದಿಟ್ಟ.

“ಎಲ್ರೂ ಇದನ್ನ ಒಯ್ತಾರ ನೋಡ್ರಿ.”

ಹುಲುಗಣ್ಣ ತನ್ನ ಪಿನ್ನನ್ನು ಅದರಲ್ಲಿಟ್ಟು ಒತ್ತಿದ. ಪಿನ್ನು ಚಪ್ಪಟೆಯಾಯಿತು. “ಪ್ಲಾಸ್ಟಿಕ್ ತೊಡಿಸಿದ ಪಿನ್ನಿಗೆ ಇದು ಸರಿ. ನನ್ನ ಪಿನ್ನಿಗೆ ಎರಡು ರೆಕ್ಕಿ ಅದಾವ. ಅವು ಒಳಗ ಮಡಚಿಕೊಂಡು ವೈರ್ ಹಿಡೀಬೇಕ್ರಿ.”

ಶಿವಶಂಕರ ಇನ್ನೆರಡು ತೆಗೆದ. ಒಂದು ಸಣ್ಣದು, ಹಳೆಯ ಪ್ಲೇಯರಿನಂತೆಯೇ ಅಂಗೈಗೆ ಒಗ್ಗಿತು. ಇನ್ನೊಂದು ಭಾರ, ಒತ್ತಿದರೆ ಕಿರಕಿರ ಎನ್ನುತ್ತಿತ್ತು. ಹುಲುಗಣ್ಣ ಅರ್ಧಕ್ಕೇ ಕೈ ಸಡಿಲಿಸಿದ. ಟೂಲಿನ ಬಾಯಿ ತೆರೆಯಲಿಲ್ಲ.

“ಇದ್ಯಾಕ್ರಿ ಬಿಡವಲ್ದು?”

“ಪೂರ್ತಿ ಒತ್ತೋತನ ಬಿಡಲ್ಲ ಅದು. ಅಂದಾಜಿನ ಕೆಲಸ ಇಲ್ಲ ಅದರಾಗ.”

ಆ ಮಾತು ಹುಲುಗಣ್ಣನಿಗೆ ಚುಚ್ಚಿತು. ಸಣ್ಣದನ್ನೇ ಮತ್ತೆ ಎತ್ತಿಕೊಂಡ. ಒಂದು ಪಿನ್ನನ್ನು ಮನಸ್ಸಿಟ್ಟು ಒತ್ತಿದ. ಇನ್ನೊಂದನ್ನು ಶಿವಶಂಕರನ ಜೊತೆ ಮಾತಾಡುತ್ತಾ, ದಿನಾ ಅಂಗಡಿಯಲ್ಲಿ ಮಾಡುವ ಹಾಗೆ ಒತ್ತಿದ. ಮೊದಲನೆಯದು ಎಳೆದರೂ ಬರಲಿಲ್ಲ. ಎರಡನೆಯದು ಜಾರಿತು. ಭಾರದ ಟೂಲಿನಲ್ಲಿ ಹಾಗೆಯೇ ಒತ್ತಿದ ಎರಡೂ ನಿಂತವು. ಬೆಳಗಿನ ಕೈ ಬೇರೆ, ಹಸಿದ ಹೊತ್ತಿನ ಕೈ ಬೇರೆ. ಇಷ್ಟು ವರ್ಷ ಅದು ತನಗೆ ಹೊಳೆಯಲೇ ಇಲ್ಲವಲ್ಲ ಎಂದುಕೊಂಡ.

“ಭಾರದ್ದನ್ನ ಕೊಡ್ರಿ,” ಎಂದ.

ಸಂಜೆ ಮಾರೇಶ ಬರುವಷ್ಟರಲ್ಲಿ ಬೈಕಿನ ಅಷ್ಟೂ ಪಿನ್ನು ಬದಲಾಗಿದ್ದವು. “ಬ್ಯಾಟ್ರಿ ತಪ್ಪಲ್ಲ, ರಸ್ತಿ ತಪ್ಪಲ್ಲ ಮಾರೇಶ. ನನ್ನ ಕೆಲಸಾನೇ ತಪ್ಪಿತ್ತು.”

ಮಾರೇಶ, “ಇದನ್ನ ಜಂಬಕ್ಕಗ ಹೇಳಣ್ಣ. ಬೈಕ್ ಕೆಟ್ಟಿದ್ದು ಸುಳ್ಳು ಅಂತ ತಿಳ್ಕೊಂಡಾಳ,” ಎಂದ.

ಹೊಸ ಔಷಧಿ ಬಂದ ದಿನ ಹುಲುಗಣ್ಣ ಅಂಗಡಿ ಮುಚ್ಚಿ ಬೈಕಿನ ಹಿಂದೆ ಕೂತ. ಹಟ್ಟಿಯ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜಂಬಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೇಳಿದ್ದು ಚಲೋ ಆತು. ಈಗ ಬಾ, ಕುರಿ ಹಿಡಿ.”

ಹುಲುಗಣ್ಣ ಪಂಚೆ ಎತ್ತಿ ಕಟ್ಟಿ ಹಟ್ಟಿಯೊಳಗೆ ಇಳಿದ.