ಕೋಡರ್ ಅಂತೆ, ಕೋಡರ್!

ನಮ್ಮ ಆಫೀಸಿನಲ್ಲಿ ಎಲ್ಲರೂ ಮಾಡುವುದು ಒಂದೇ ಕೆಲಸ, ಕೀಲಿಮಣೆ ಕುಟ್ಟಿ ಪ್ರೋಗ್ರಾಮ್ ಬರೆಯುವುದು. ಬಿರುದುಗಳಿಗೆ ಮಾತ್ರ ಬರವಿಲ್ಲ. ಹೇಳಿದ್ದನ್ನು ಬರೆದರೆ ಕೋಡರ್, ಯೋಚಿಸಿ ಬರೆದರೆ ಎಂಜಿನಿಯರ್, ಬರೆಯುವುದನ್ನೇ ಬಿಟ್ಟು ಬೋರ್ಡಿನ ಮೇಲೆ ಚೌಕ ಎಳೆಯುತ್ತಾ ನಿಂತರೆ ಆರ್ಕಿಟೆಕ್ಟ್. ನಮ್ಮತ್ತೆ ನನ್ನನ್ನು "ಕಂಪ್ಯೂಟರ್ ರಿಪೇರಿಯವಳು" ಅನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ.

ಸಿಟ್ಟು ಬಂದದ್ದು ಮ್ಯಾನೇಜರ್ ಹೊಸ ಪಟ್ಟಿ ತಂದಾಗ. ಎಂಜಿನಿಯರುಗಳು ಉಳಿಯುತ್ತಾರಂತೆ, ಕೋಡರುಗಳು ತಿಂಗಳ ಕೊನೆಗೆ ಮನೆಗಂತೆ. ಆಸ್ಪತ್ರೆಗಳಲ್ಲಿ ಯಾವ ರೋಗಿಗೆ ಯಾವ ಹೊತ್ತಿಗೆ ಔಷಧಿ ಎಂದು ತೋರಿಸುವ ಪ್ರೋಗ್ರಾಮನ್ನು ಆರು ವರ್ಷ ಒಬ್ಬಳೇ ಬರೆದ ನಾನು ಕೋಡರ್! ಪಕ್ಕದ ಮೇಜಿನ ಕನ್ನಡಕದವನು ಎಂಜಿನಿಯರ್!

"ನಾನೇನ್ ಮಾಡ್ಲಿ ಮೇಡಂ? ದಾಖಲೆ ನೋಡಿ, ಪ್ರೋಗ್ರಾಮಿನ ಪ್ರತಿ ಸಾಲಿನ ಮುಂದೂ ಅವರ ಹೆಸರೇ ಇದೆ," ಅಂದರು ಮ್ಯಾನೇಜರ್.

ಇರದೆ ಏನು? ಸಾಲನ್ನು ಕೊನೆಗೆ ಮುಟ್ಟಿದವರ ಹೆಸರನ್ನೇ ಆ ದಾಖಲೆ ತೋರಿಸುತ್ತದೆ. ಹೋದ ವಾರ ಕನ್ನಡಕದವನು ಒಂದು ಗುಂಡಿ ಒತ್ತಿ, ನನ್ನ ಹದಿನಾಲ್ಕು ಸಾವಿರ ಸಾಲುಗಳ ಎಡಗಡೆಯ ಖಾಲಿ ಜಾಗವನ್ನು ಒಂದೇ ಅಳತೆಗೆ ತಂದಿದ್ದ. ಒಂದಕ್ಷರ ಬರೆದಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ದಾಖಲೆ ತೆಗೆದು ತೋರಿಸಿದೆ. ಮ್ಯಾನೇಜರ್ ಕಿವಿಗೇ ಹಾಕಿಕೊಳ್ಳಲಿಲ್ಲ.

ಮರುದಿನ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಹೊಸದಾಗಿ ಸೇರಿಸಿದ ವಾರ್ಡಿನಲ್ಲಿ ಮಧ್ಯಾಹ್ನ ಹನ್ನೆರಡರ ಔಷಧಿ ರಾತ್ರಿ ಹನ್ನೆರಡಕ್ಕೆ ತೋರಿಸುತ್ತಿತ್ತು. ನರ್ಸ್ ಕಣ್ಣಿಗೆ ಬಿದ್ದದ್ದರಿಂದ ಅನಾಹುತ ತಪ್ಪಿತ್ತು.

ಮ್ಯಾನೇಜರ್ ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದು ತಪ್ಪಿದ್ದ ಸಾಲನ್ನು ಪರದೆಯ ಮೇಲೆ ತೆರೆದರು. ಮುಂದೆ ಕನ್ನಡಕದವನ ಹೆಸರು. ಅವನ ಮುಖ ಹುಳ್ಳಗಾಯಿತು.

"ಸರ್, ನಾನಲ್ಲ! ನಾನು ಬರೀ ಜಾಗ ಸರಿ ಮಾಡಿದ್ದು. ಬರೆದಿದ್ದೆಲ್ಲಾ ಮೇಡಂ."

ಬಂದೆಯಾ ದಾರಿಗೆ!

"ಹೌದು ಸರ್, ನಾನೇ ಬರೆದಿದ್ದು. ತಪ್ಪೂ ನಂದೇ," ಅಂದೆ. ಆ ವಾರ್ಡ್ ಸೇರಿಸುವಾಗ ಹಗಲು ರಾತ್ರಿಯ ಗುರುತು ಹಾಕುವುದನ್ನು ಮರೆತಿದ್ದೆ. ಅಲ್ಲೇ ಕೂತು ಸರಿಮಾಡಿದೆ. ನನ್ನ ಜಗಳ ಮುಗಿಯಲಿ ಎಂದು ರೋಗಿಗಳು ಕಾಯಬಾರದಲ್ಲ. ಈಗ ಸರಿಯಾಗಿದೆ ಎಂದು ಆಸ್ಪತ್ರೆಯವರೂ ಹೇಳಿದರು.

ತಪ್ಪಿನ ವರದಿಯಲ್ಲಿ ನನ್ನ ಹೆಸರು ಹಾಕಲು ಮ್ಯಾನೇಜರಿಗೆ ಅರೆನಿಮಿಷವೂ ಹಿಡಿಯಲಿಲ್ಲ. ಹಾಕಿ, ಲ್ಯಾಪ್‌ಟಾಪ್ ಮುಚ್ಚಲು ಹೊರಟರು. ನಾನು ಕೈ ಅಡ್ಡ ಇಟ್ಟೆ.

"ಮುಚ್ಚಬೇಡಿ ಸರ್. ತಪ್ಪಿರೋ ಸಾಲು ನಂದಾದ್ರೆ ಸರಿಯಿರೋದೆಲ್ಲಾ ಯಾರ್ದು? ನನ್ನ ತಪ್ಪು ನಾನು ತಿದ್ದಾಯ್ತು. ಪಟ್ಟಿ ತೆಗೀರಿ, ನಿಮ್ದು ತಿದ್ದಿ."

ಇಡೀ ರೂಮು ಅವರನ್ನೇ ನೋಡುತ್ತಿತ್ತು. ಪಟ್ಟಿ ತೆಗೆಯಲೇಬೇಕಾಯಿತು.